ಎರಡನೆಯ ಸಹಿ

ಮೂರು ಅಂಗಡಿ, ಮೂರು ಲೆಟರ್‌ಹೆಡ್, ಮೂರು ಬಣ್ಣದ ಸೀಲು. ಮಂಡ್ಯ ಜಿಲ್ಲೆಯ ಒಂದು ಕಚೇರಿಗೆ ಕಬ್ಬಿಣದ ಬೀರು ಪೂರೈಸಲು ಬಂದಿದ್ದ ದರಪಟ್ಟಿಗಳು ಅವು. ಮೂರರಲ್ಲೂ ‘ಗುಣಮಟ್ಟ’ ಎಂಬ ಪದ ‘ಗುಣಮಟ’ ಎಂದೇ ಅಚ್ಚಾಗಿತ್ತು. ಯಾರೋ ಒಬ್ಬ ಪುಣ್ಯಾತ್ಮ ಒಂದೇ ಕಂಪ್ಯೂಟರಿನ ಮುಂದೆ ಕುಳಿತು ಮೂರು ಅಂಗಡಿಗಳ ಪರವಾಗಿ ಪೈಪೋಟಿ ನಡೆಸಿದ್ದ. ಲೆಕ್ಕ ಪರಿಶೋಧಕನಾಗಿದ್ದ ನನ್ನ ಮೇಜಿಗೆ ಆ ಕಡತ ಬರುವ ಹೊತ್ತಿಗೆ ಬೀರುಗಳು ಬಂದು, ಬಿಲ್ಲು ಪಾವತಿಯಾಗಿ, ಎರಡು ವರ್ಷ ಕಳೆದಿತ್ತು. ವಿಷಯ ನಿರ್ವಾಹಕರಿಂದ ಹಿಡಿದು ಕಚೇರಿಯ ಮುಖ್ಯಸ್ಥರವರೆಗೆ ಅದರ ಮೇಲೆ ಐದು ಸಹಿಗಳಿದ್ದವು. ಐವರಿಗೂ ಕನ್ನಡ ಚೆನ್ನಾಗಿಯೇ ಬರುತ್ತಿತ್ತು.

ಮೊತ್ತ ದೊಡ್ಡದಲ್ಲ. ಆದರೆ ಬಿಳಿ ಕಾಲರ್ ಅಪರಾಧದ ಬಗ್ಗೆ ಯಾರಾದರೂ ಕೇಳಿದರೆ ನಾನು ಮಲ್ಯನನ್ನೋ ನೀರವ್ ಮೋದಿಯನ್ನೋ ಬಿಟ್ಟು ಈ ಬೀರುಗಳಿಂದಲೇ ಮಾತು ತೆಗೆಯುತ್ತೇನೆ. ಮೊದಲ ಸಹಿ ಮಾಡಿದವನು ಕಳ್ಳ ಎಂದೇ ಇಟ್ಟುಕೊಳ್ಳೋಣ. ಉಳಿದ ನಾಲ್ವರು ಏನು? ಅವರಲ್ಲಿ ಒಬ್ಬರಿಗೂ ಪಾಲು ಹೋಗಿರಲಿಕ್ಕಿಲ್ಲ. ಮೇಲಿನವರು ನೋಡುತ್ತಾರೆ ಎಂದು ಕೆಳಗಿನವರು, ಕೆಳಗಿನವರು ನೋಡಿರುತ್ತಾರೆ ಎಂದು ಮೇಲಿನವರು ಸಹಿ ಹಾಕಿದರು. ಉತ್ತರದಾಯಿತ್ವ ಎಂಬ ಭಾರದ ಪದಕ್ಕೆ ನಾನು ಕೊಡುವ ಅರ್ಥ ಇಷ್ಟೇ: ಎರಡನೆಯ ಸಹಿ ಹಾಕುವವರು ಓದಿ ಹಾಕಬೇಕು, ಓದದೆ ಹಾಕಿದರೆ ಅದಕ್ಕೆ ಉತ್ತರ ಕೊಡಬೇಕು.

‘ಬಿಳಿ ಕಾಲರ್ ಅಪರಾಧ’ ಎಂಬ ಮಾತನ್ನು ಚಲಾವಣೆಗೆ ತಂದವರು ಅಮೆರಿಕದ ಸಮಾಜಶಾಸ್ತ್ರಜ್ಞ ಎಡ್ವಿನ್ ಸದರ್‌ಲ್ಯಾಂಡ್, 1939ರಲ್ಲಿ ಮಾಡಿದ ಒಂದು ಭಾಷಣದಲ್ಲಿ. ಬಡತನವೇ ಅಪರಾಧದ ಬೇರು ಎಂದು ವಿದ್ವಾಂಸರು ನಂಬಿದ್ದ ಕಾಲ ಅದು. ಹಾಗಾದರೆ ಹೊಟ್ಟೆ ತುಂಬಿದವರು, ಮಾನ್ಯರು, ತಮ್ಮ ವೃತ್ತಿಯೊಳಗಿದ್ದುಕೊಂಡೇ ಮಾಡುವ ಮೋಸಕ್ಕೆ ಯಾವ ಬೇರು ಎಂದು ಅವರು ಕೇಳಿದರು. ಹತ್ತು ವರ್ಷದ ನಂತರ ಅವರ ಪುಸ್ತಕ ಹೊರಬಂದಾಗ, ಮೊಕದ್ದಮೆಗೆ ಹೆದರಿದ ಪ್ರಕಾಶಕರು ಕಂಪನಿಗಳ ಹೆಸರನ್ನೆಲ್ಲ ತೆಗೆಸಿದರು. ಹೆಸರುಗಳಿರುವ ಪ್ರತಿ ಅಚ್ಚಾದದ್ದು 1983ರಲ್ಲಿ. ಅಷ್ಟರಲ್ಲಿ ಲೇಖಕರು ತೀರಿಕೊಂಡು ಮೂವತ್ತು ವರ್ಷ ದಾಟಿತ್ತು. ಜೇಬುಗಳ್ಳನ ಫೋಟೊ ಮರುದಿನವೇ ಪತ್ರಿಕೆಯಲ್ಲಿ ಬರುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಈ ಅಪರಾಧಕ್ಕೆ ಕತ್ತಿ ಬೇಡ, ಕತ್ತಲೆಯೂ ಬೇಡ. ಬೇಕಾದದ್ದು ಒಂದು ಹುದ್ದೆ, ಆ ಹುದ್ದೆಯ ಮೇಲೆ ಜನರಿಟ್ಟ ನಂಬಿಕೆ, ಒಂದಿಷ್ಟು ಕಾಗದ. ನಡೆಯುವುದು ಹಗಲಿನಲ್ಲಿ, ಕಚೇರಿಯ ವೇಳೆಯಲ್ಲಿ. ಕಳೆದುಕೊಂಡವರಿಗೆ ಕಳೆದುಕೊಂಡದ್ದೇ ಗೊತ್ತಾಗುವುದಿಲ್ಲ. ನಿಮ್ಮ ಬೀದಿಯ ಚರಂಡಿ ಎರಡು ಮಳೆಗಾಲಕ್ಕೆ ಕುಸಿದರೆ ನೀವು ಮಳೆಯನ್ನು ಬಯ್ಯುತ್ತೀರಿ.

ಚರಂಡಿಯ ಮಾತು ಬಂತಲ್ಲ, ಅದನ್ನೇ ಹಿಡಿದು ಹೋಗೋಣ. ಹಣ ಸೋರುವ ಜಾಗಗಳು ಅಲ್ಲಿ ಕಣ್ಣಿಗೆ ಕಾಣುತ್ತವೆ.

ಒಂದು ಕಾಮಗಾರಿ ಹುಟ್ಟುವುದು ಅಂದಾಜು ಪಟ್ಟಿಯಲ್ಲಿ. ಎಷ್ಟು ಘನ ಮೀಟರ್ ಅಗೆತ, ಎಷ್ಟು ಕಾಂಕ್ರೀಟು, ಎಷ್ಟು ಕಬ್ಬಿಣ ಎಂದು ಎಂಜಿನಿಯರ್ ಬರೆದು, ಇಲಾಖೆಯ ದರಸೂಚಿಯ ದರದಿಂದ ಗುಣಿಸುತ್ತಾರೆ. ಆಡುಮಾತಿನಲ್ಲಿ ಇದು ಎಸ್‌ಆರ್ ದರ. ಮಣ್ಣು ಅಗೆಯುವ ಕಡೆ ಬಂಡೆ ಅಗೆತ ಎಂದು ಬರೆದರೆ ದರ ಏರುತ್ತದೆ. ಚರಂಡಿ ಮುಚ್ಚಿದ ಮೇಲೆ ಅಲ್ಲಿ ಬಂಡೆಯಿತ್ತೋ ಮಣ್ಣಿತ್ತೋ ಹೇಳುವವರಾರು? ನಂತರ ಟೆಂಡರು. ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಇರಬೇಕೆಂದು ನಮ್ಮ ರಾಜ್ಯದಲ್ಲಿ 1999ರ ಒಂದು ಕಾಯ್ದೆಯೇ ಇದೆ. ಗುತ್ತಿಗೆದಾರರ ಬಾಯಲ್ಲಿ ಅದು ಕೆಟಿಪಿಪಿ. ಅದರಲ್ಲಿ ತುರ್ತಿಗೂ ವಿಶೇಷ ಸಂದರ್ಭಗಳಿಗೂ ಕೆಲವು ಕಿಟಕಿಗಳನ್ನು ಬಿಟ್ಟಿದ್ದಾರೆ. ಅವುಗಳಲ್ಲಿ ಹೆಸರಾದದ್ದು 4(ಜಿ) ಕಲಮು, ಎಂದರೆ ಸರ್ಕಾರವೇ ಆದೇಶ ಹೊರಡಿಸಿ ಟೆಂಡರಿನಿಂದ ವಿನಾಯಿತಿ ಕೊಡುವ ದಾರಿ. ‘ಫೋರ್ ಜಿ ಮಾಡಿಸಿಕೊಂಡು ಬಂದೆ’ ಎಂದು ಒಬ್ಬರು ಹೇಳಿದಾಗ ಮೊಬೈಲ್ ಸಿಮ್ ಇರಬೇಕು ಎಂದುಕೊಂಡ ಹೊಸ ಗುಮಾಸ್ತನೊಬ್ಬ ನಮ್ಮಲ್ಲಿದ್ದ. ಇನ್ನೊಂದು ಕಿಟಕಿ ಸಣ್ಣ ಮೊತ್ತದ್ದು. ಒಂದು ಮಿತಿಗಿಂತ ಕಡಿಮೆಯ ಕೆಲಸಕ್ಕೆ ಟೆಂಡರ್ ಬೇಡ. ಹಾಗಾಗಿ ಒಂದೇ ಚರಂಡಿಯನ್ನು ‘ರಾಮಮಂದಿರದಿಂದ ಅಂಗನವಾಡಿಯವರೆಗೆ’, ‘ಅಂಗನವಾಡಿಯಿಂದ ಅರಳಿಮರದವರೆಗೆ’ ಎಂದು ಕತ್ತರಿಸಿ ಕೊಡುತ್ತಾರೆ. ತುಂಡು ಗುತ್ತಿಗೆ ಎಂಬ ಹೆಸರು ಅದೆಷ್ಟು ಸರಿಯಾಗಿ ಹೊಂದುತ್ತದೆ!

ಇಷ್ಟಾದರೂ ನನ್ನ ಅನುಭವದಲ್ಲಿ ಅತ್ಯಂತ ಮುಖ್ಯವಾದ ಕಾಗದ ಅಂದಾಜು ಪಟ್ಟಿಯೂ ಅಲ್ಲ, ಟೆಂಡರೂ ಅಲ್ಲ. ಅದು ಅಳತೆ ಪುಸ್ತಕ. ಎಲ್ಲರೂ ಎಂ.ಬಿ. ಎನ್ನುತ್ತಾರೆ. ಕೆಲಸ ಎಷ್ಟಾಗಿದೆ ಎಂದು ಕಿರಿಯ ಎಂಜಿನಿಯರ್ ಸ್ಥಳದಲ್ಲಿ ಅಳೆದು, ಉದ್ದ, ಅಗಲ, ಆಳವನ್ನು ಕೈಬರಹದಲ್ಲಿ ಬರೆಯುವ ಪುಸ್ತಕ ಇದು. ಪುಟಗಳಿಗೆ ಸಂಖ್ಯೆ ಇರುತ್ತದೆ, ಹಾಳೆ ಹರಿಯುವಂತಿಲ್ಲ, ಅಳಿಸುವಂತಿಲ್ಲ. ಎಂ.ಬಿ. ಬರೆಯದೆ ಬಿಲ್ಲಿಲ್ಲ. ಅದರ ಮೇಲೆ ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಮರು ತಪಾಸಣೆ ಮಾಡಿ ಸಹಿ ಹಾಕಬೇಕು. ಆ ಸಹಿಯೇ ಎರಡನೆಯ ಸಹಿ. ಬ್ರಿಟಿಷರ ಕಾಲದಿಂದ ಬಂದ ಈ ಪದ್ಧತಿ ಬಹಳ ಗಟ್ಟಿಯಾದದ್ದು. ಅದನ್ನು ಕಟ್ಟಿದವರು ಮನುಷ್ಯ ಸ್ವಭಾವವನ್ನು ಅರಿತವರು. ಆದರೆ ಕಾಮಗಾರಿ ಆದೇಶ ಹೊರಟ ದಿನಾಂಕಕ್ಕೂ ಅಳತೆ ಬರೆದ ದಿನಾಂಕಕ್ಕೂ ನಡುವೆ ಒಂದೇ ವಾರದ ಅಂತರವಿದ್ದ ಪುಸ್ತಕಗಳನ್ನು ನಾನು ನೋಡಿದ್ದೇನೆ. ಕಾಂಕ್ರೀಟು ಒಣಗುವುದಕ್ಕೆ ಮುಂಚೆ ಬಿಲ್ಲು ಒಣಗಿರುತ್ತಿತ್ತು.

ಬಿಲ್ಲಿನಲ್ಲಿ ಉಳಿಸಿಕೊಂಡ ಹಣ ಮುಂದೆ ಎಲ್ಲಿಗೆ ಹೋಗುತ್ತದೆ? ಹೊರಗಿನವರಿಗೆ ಗೋಜಲೆನಿಸುವ ಭಾಗ ಇದು. ಮಂಡ್ಯದವರಿಗೆ ಆಲೆಮನೆಯ ಮೂಲಕ ಹೇಳಿದರೆ ಬೇಗ ತಿಳಿಯುತ್ತದೆ.

ಕಬ್ಬು ಗಾಣಕ್ಕೆ ಬೀಳುವಾಗ ಅದರ ಮೇಲೆ ಮಣ್ಣಿರುತ್ತದೆ, ಸೋಗೆಯಿರುತ್ತದೆ, ಯಾರ ಗದ್ದೆಯದು ಎಂಬ ಗುರುತೂ ಇರುತ್ತದೆ. ಹತ್ತು ಗದ್ದೆಗಳ ಕಬ್ಬಿನ ಹಾಲು ಒಂದೇ ಕೊಪ್ಪರಿಗೆಯಲ್ಲಿ ಕುದಿಯುವಾಗ ಯಾವುದು ಯಾರದೆಂದು ಹೇಳಲಾಗದು. ಕೊನೆಗೆ ಅಚ್ಚಿನಿಂದ ಹೊರಬರುವ ಬೆಲ್ಲಕ್ಕೆ ಹಳೆಯ ಗುರುತೇ ಇರುವುದಿಲ್ಲ. ಮಂಡಿಯಲ್ಲಿ ಅದು ಬರೀ ಬೆಲ್ಲ. ಅಕ್ರಮ ಹಣವೂ ಹೀಗೆ ಮೂರು ಹಂತ ದಾಟುತ್ತದೆ. ಮೊದಲು ನಗದನ್ನು ಯಾವುದಾದರೂ ಖಾತೆಯೊಳಗೆ ತೂರಿಸಬೇಕು. ಆಮೇಲೆ ಭಾವಮೈದುನನ ಅಂಗಡಿ, ಹೆಸರಿಗಷ್ಟೇ ಇರುವ ಕಂಪನಿ, ಇನ್ನೊಬ್ಬರ ಸಾಲ ಎಂದು ಹತ್ತು ಕೈ ಬದಲಿಸಿ ಕಲಸಬೇಕು. ಕೊನೆಗೆ ಸೈಟಾಗಿಯೋ ಕಲ್ಯಾಣ ಮಂಟಪವಾಗಿಯೋ ಮರ್ಯಾದೆಯ ರೂಪದಲ್ಲಿ ಹೊರತೆಗೆಯಬೇಕು. 2002ರ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ ಹಿಡಿಯಲು ಹೊರಡುವುದು ಈ ಕುದಿತವನ್ನು. ಅದನ್ನು ಬಳಸುವ ಜಾರಿ ನಿರ್ದೇಶನಾಲಯದ ಹೆಸರು ಈಗ ಮಕ್ಕಳಿಗೂ ಗೊತ್ತು.

ಆಲೆಮನೆ ಇಲ್ಲಿ ಬರೀ ಹೋಲಿಕೆಯಲ್ಲ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಹೀಗಾಗಿ ಲೆಕ್ಕವಿಲ್ಲದ ಹಣಕ್ಕೆ ‘ಕಬ್ಬಿನಲ್ಲಿ ಬಂತು, ಬೆಲ್ಲ ಮಾರಿದೆ’ ಎಂಬ ಜಾತಕ ಬರೆಸುವುದು ನಮ್ಮ ಕಡೆ ಬಹಳ ಹಳೆಯ ವಿದ್ಯೆ. ನಿಜವಾಗಿ ಬೆಳೆಯುವ ರೈತ ಸಾಲದಲ್ಲಿರುತ್ತಾನೆ, ಪಹಣಿಯಲ್ಲಿ ಎರಡು ಎಕರೆ ಇರುವ ಅಧಿಕಾರಿಗೆ ಮಾತ್ರ ಪ್ರತಿ ವರ್ಷ ಬಂಪರ್ ಬೆಳೆ!

ಆದಾಯ ಮೀರಿದ ಆಸ್ತಿಯ ಪ್ರಕರಣಗಳಲ್ಲಿ ಈ ಜಾತಕ ಸುಳ್ಳೆಂದು ತೋರಿಸುವ ಬಗೆ ಸರಳ ಗಣಿತ. ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ತನಿಖೆಯವರು ಹತ್ತು ವರ್ಷದ ಒಂದು ಅವಧಿ ಗೊತ್ತು ಮಾಡುತ್ತಾರೆ. ಆರಂಭದಲ್ಲಿ ಅಧಿಕಾರಿಯ ಆಸ್ತಿ 20 ಲಕ್ಷ, ಕೊನೆಯಲ್ಲಿ 2 ಕೋಟಿ. ಎಂದರೆ ನಡುವೆ ಸೇರಿದ್ದು 1 ಕೋಟಿ 80 ಲಕ್ಷ. ಮನೆ ಖರ್ಚು, ಮಕ್ಕಳ ಓದು ಸೇರಿ ವ್ಯಯವಾದದ್ದು 40 ಲಕ್ಷ. ಎರಡೂ ಕೂಡಿ 2 ಕೋಟಿ 20 ಲಕ್ಷ. ಸಂಬಳ, ಬಾಡಿಗೆ, ಸಾಲ ಎಂದು ತೋರಿಸಬಹುದಾದ ಆದಾಯ 1 ಕೋಟಿ. ಹೆಚ್ಚುವರಿ 1 ಕೋಟಿ 20 ಲಕ್ಷ, ಎಂದರೆ ಆದಾಯದ ಶೇಕಡ 120. ಶೇಕಡ 10ರಷ್ಟು ಹೆಚ್ಚುಕಡಿಮೆಯನ್ನು ಮನ್ನಿಸಬಹುದೆಂದು ಸುಪ್ರೀಂ ಕೋರ್ಟ್ ಎಪ್ಪತ್ತರ ದಶಕದಲ್ಲಿಯೇ ಒಂದು ಪ್ರಕರಣದಲ್ಲಿ ಹೇಳಿದೆ. ಆದರೆ 120? ಆಗ ಅಧಿಕಾರಿ ಎರಡು ಎಕರೆ ಕಬ್ಬಿನ ಗದ್ದೆ ತೋರಿಸಿ, ಹತ್ತು ವರ್ಷದಲ್ಲಿ 60 ಲಕ್ಷ ಬಂದಿದೆ ಎನ್ನುತ್ತಾನೆ. ಉದಾರವಾಗಿಯೇ ಎಕರೆಗೆ 50 ಟನ್, ಟನ್ನಿಗೆ 3,000 ರೂಪಾಯಿ ಹಿಡಿಯೋಣ. ವರ್ಷಕ್ಕೆ 3 ಲಕ್ಷ, ಹತ್ತು ವರ್ಷಕ್ಕೆ 30 ಲಕ್ಷ. ಬಿತ್ತನೆ, ಗೊಬ್ಬರ, ಕಟಾವು, ಸಾಗಾಣಿಕೆ ಎಲ್ಲ ದೇವರೇ ಮಾಡಿದರೂ ಅರ್ಧಕ್ಕೆ ಬಂದು ನಿಲ್ಲುತ್ತದೆ. ಪಹಣಿಯ ಬೆಳೆ ಕಾಲಮಿನಲ್ಲಿ ಆ ವರ್ಷಗಳಲ್ಲಿ ಕಬ್ಬು ನಮೂದಾಗಿದೆಯೇ, ಕಾರ್ಖಾನೆಯ ತೂಕದ ಚೀಟಿ ಇದೆಯೇ, ಎಪಿಎಂಸಿಯ ರಸೀದಿ ಇದೆಯೇ ಎಂದು ಕೇಳಿದ ಮೇಲೆ ಆ ಅರ್ಧವೂ ಕರಗುತ್ತದೆ. ಬೆಲ್ಲ ಅತಿಯಾಗಿ ಬೆಳ್ಳಗೆ ಹೊಳೆದರೆ ನಮ್ಮೂರಿನವರು ಕೊಳ್ಳುವುದಿಲ್ಲ. ಅದಕ್ಕೆ ಏನು ಸುರಿದಿದ್ದಾರೆಂದು ಅವರಿಗೆ ಗೊತ್ತು.

ಹೀಗೆ ಸಾಬೀತಾದರೆ 1988ರ ಭ್ರಷ್ಟಾಚಾರ ತಡೆ ಕಾಯ್ದೆಯಡಿ ನಾಲ್ಕರಿಂದ ಹತ್ತು ವರ್ಷ ಜೈಲು. ಲಂಚ ಪಡೆದದ್ದಕ್ಕೆ ಮೂರರಿಂದ ಏಳು ವರ್ಷ. ಕಾನೂನು ಸಡಿಲವಾಗಿಲ್ಲ. ತೊಡಕಿರುವುದು ಅದನ್ನು ಮುಟ್ಟುವ ದಾರಿಯಲ್ಲಿ.

ಆ ದಾರಿಯಲ್ಲಿ ನಮಗೆ ಮೊದಲು ಸಿಗುವುದು ಲೋಕಾಯುಕ್ತ. ಅದಕ್ಕೆ ಎರಡು ಮುಖಗಳಿವೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ. 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆಯ ಪ್ರಕಾರ ಅದು ದೂರು ಪಡೆದು ವಿಚಾರಣೆ ನಡೆಸಿ ಸರ್ಕಾರಕ್ಕೆ ಶಿಫಾರಸು ಮಾಡುವ ಸಂಸ್ಥೆ. ದೂರಿನ ಜೊತೆ ಪ್ರಮಾಣಪತ್ರ ಕೊಡಬೇಕು, ಆರೋಪದ ಘಟನೆ ನಡೆದು ಐದು ವರ್ಷ ಮೀರಿರಬಾರದು, ಬೇಕೆಂದೇ ಸುಳ್ಳು ದೂರು ಕೊಟ್ಟವರಿಗೆ ಶಿಕ್ಷೆಯೂ ಇದೆ. ಇದೊಂದು ಮುಖ. ಇನ್ನೊಂದು, ಭ್ರಷ್ಟಾಚಾರ ತಡೆ ಕಾಯ್ದೆಯಡಿ ಎಫ್‌ಐಆರ್ ದಾಖಲಿಸಿ ದಾಳಿ ನಡೆಸುವ ಪೊಲೀಸ್ ವಿಭಾಗ. ಗಣಿ ಅಕ್ರಮದ ಬಗ್ಗೆ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ 2011ರಲ್ಲಿ ವರದಿ ಕೊಟ್ಟಾಗ ಮುಖ್ಯಮಂತ್ರಿಯ ಕುರ್ಚಿಯೇ ಅಲುಗಿತು. 2016ರಲ್ಲಿ ಸಿದ್ದರಾಮಯ್ಯ ಸರ್ಕಾರ ಪೊಲೀಸ್ ಅಧಿಕಾರವನ್ನು ಅಲ್ಲಿಂದ ತೆಗೆದು, ಭ್ರಷ್ಟಾಚಾರ ನಿಗ್ರಹ ದಳ ಎಂಬ ಹೊಸ ಸಂಸ್ಥೆಗೆ ಕೊಟ್ಟಿತು. ಆ ದಳ ಸರ್ಕಾರದ ಕೈಕೆಳಗೇ ಇತ್ತು. 2022ರ ಆಗಸ್ಟಿನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು. ಆರು ವರ್ಷದ ಆ ಸುತ್ತಾಟದಲ್ಲಿ ನನಗೆ ಕಂಡದ್ದು ಬೀರಿನ ಕಡತವೇ: ಮೊದಲ ಸಹಿ ಹಾಕುವವರೇ ಎರಡನೆಯ ಸಹಿ ಯಾರದಿರಬೇಕು ಎಂದೂ ತೀರ್ಮಾನಿಸಿದ್ದರು.

ಮುಂದಿನ ಗೇಟು ಪೂರ್ವಾನುಮತಿ. 2018ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಗೆ ತಿದ್ದುಪಡಿ ತಂದು 17ಎ ಕಲಮು ಸೇರಿಸಿದರು. ಅಧಿಕಾರಿಯೋ ಮಂತ್ರಿಯೋ ಕರ್ತವ್ಯದ ಭಾಗವಾಗಿ ಕೈಗೊಂಡ ತೀರ್ಮಾನ ಅಥವಾ ಮಾಡಿದ ಶಿಫಾರಸಿನ ಬಗ್ಗೆ ಪೊಲೀಸರು ತನಿಖೆ ಶುರು ಮಾಡುವುದಕ್ಕೂ ಮುಂಚೆ, ಸರ್ಕಾರದ ಅಥವಾ ಅವರನ್ನು ಹುದ್ದೆಯಿಂದ ತೆಗೆಯುವ ಅಧಿಕಾರ ಇರುವವರ ಒಪ್ಪಿಗೆ ಪಡೆಯಬೇಕು. ಒಪ್ಪಿಗೆಗೆ ಮೂರು ತಿಂಗಳು, ಬೇಕಾದರೆ ಇನ್ನೊಂದು ತಿಂಗಳು. ತನಿಖೆ ಮುಗಿದ ಮೇಲೆ ನ್ಯಾಯಾಲಯ ಪ್ರಕರಣ ಕೈಗೆತ್ತಿಕೊಳ್ಳಲು 19ನೇ ಕಲಮಿನಡಿ ಮತ್ತೊಂದು ಅನುಮತಿ. ಇದಕ್ಕೊಂದು ನ್ಯಾಯವಾದ ಕಾರಣವಿದೆ. ಪ್ರತಿ ತೀರ್ಮಾನಕ್ಕೂ ಪೊಲೀಸರು ಬಾಗಿಲು ತಟ್ಟುವಂತಿದ್ದರೆ ಪ್ರಾಮಾಣಿಕ ಅಧಿಕಾರಿ ಪೆನ್ನೇ ಮುಟ್ಟುವುದಿಲ್ಲ. ಅಂಥ ಹೆದರಿಕೆಯಿಂದ ವರ್ಷಗಟ್ಟಲೆ ಕೊಳೆತ ಕಡತಗಳನ್ನು ನಾನೂ ಕಂಡಿದ್ದೇನೆ. ಆದರೆ ಇದೇ ಕಲಮಿನಲ್ಲಿ ಒಂದು ವಿನಾಯಿತಿ ಇದೆ: ಲಂಚ ತೆಗೆದುಕೊಳ್ಳುವಾಗ ಸ್ಥಳದಲ್ಲೇ ಸಿಕ್ಕಿಬಿದ್ದವನನ್ನು ಬಂಧಿಸಲು ಪೂರ್ವಾನುಮತಿ ಬೇಡ. ಇದರ ಪರಿಣಾಮವನ್ನು ಪತ್ರಿಕೆಗಳಲ್ಲಿ ನೋಡುತ್ತಲೇ ಇರುತ್ತೇವೆ. ಐದು ಸಾವಿರ ತೆಗೆದುಕೊಂಡ ಗ್ರಾಮ ಆಡಳಿತಾಧಿಕಾರಿ ಸಂಜೆಯೊಳಗೆ ಸುದ್ದಿಯಾಗುತ್ತಾನೆ. ಐದು ಕೋಟಿಯ ತೀರ್ಮಾನಕ್ಕೆ ಸಹಿ ಹಾಕಿದವರ ಕಡತ ಅನುಮತಿಗಾಗಿ ಕಾಯುತ್ತಿರುತ್ತದೆ.

ಸ್ಥಳದಲ್ಲೇ ಹಿಡಿಯುವ ಬಗೆಯನ್ನೂ ಹೇಳಿಬಿಡುತ್ತೇನೆ, ಕುತೂಹಲ ಎಲ್ಲರಿಗೂ ಇರುತ್ತದೆ. ದೂರುದಾರ ತಂದ ನೋಟುಗಳ ಸಂಖ್ಯೆಯನ್ನು ಪಂಚರ ಮುಂದೆ ಬರೆದುಕೊಂಡು, ಅವುಗಳಿಗೆ ಫಿನಾಫ್ತಲೀನ್ ಪುಡಿ ಸವರುತ್ತಾರೆ. ನೋಟು ಮುಟ್ಟಿದವನ ಬೆರಳನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆದರೆ ಗುಲಾಬಿ ನೀರಿನಿಂದ ಶಿಕ್ಷೆ ಆಗುವುದಿಲ್ಲ. ಅವನು ಹಣ ಕೇಳಿದ್ದ ಎಂಬುದೂ ಸಾಬೀತಾಗಬೇಕು. ವಿಚಾರಣೆ ಬರುವಷ್ಟರಲ್ಲಿ ದೂರುದಾರ ಸುಸ್ತಾಗಿರುತ್ತಾನೆ, ಅಥವಾ ಯಾರೋ ಮಾತನಾಡಿಸಿರುತ್ತಾರೆ, ಸಾಕ್ಷಿ ತಿರುಗಿಬೀಳುತ್ತದೆ. ದೂರುದಾರ ಸತ್ತರೂ, ಉಲ್ಟಾ ಹೊಡೆದರೂ, ಬೇರೆ ಸಾಕ್ಷ್ಯಗಳಿಂದ ಬೇಡಿಕೆಯನ್ನು ಸಾಬೀತು ಮಾಡಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2022ರ ಡಿಸೆಂಬರಿನಲ್ಲಿ ಹೇಳಿದ್ದು ಈ ಕಾರಣಕ್ಕೆ ದೊಡ್ಡ ಮಾತು. ಇನ್ನೊಂದು ವಿಷಯ ನೆನಪಿಡಿ: 2018ರ ನಂತರ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಡಬೇಕು, ಆಗ ರಕ್ಷಣೆ ಇದೆ.

ಮೈಸೂರಿನಲ್ಲಿ ಕುಳಿತು ಇಷ್ಟೆಲ್ಲ ಬರೆದು ಮುಡಾದ ಮಾತೆತ್ತದಿದ್ದರೆ ಓದುಗರು ನನ್ನನ್ನೇ ಅನುಮಾನಿಸಿಯಾರು. 1903ರಲ್ಲಿ ಹುಟ್ಟಿದ ನಗರ ಸುಧಾರಣಾ ಟ್ರಸ್ಟ್ ಬೋರ್ಡಿನ ವಾರಸುದಾರನಾಗಿದ್ದ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ ಅದು. ಬಡಾವಣೆಗೆ ಜಮೀನು ಬಿಟ್ಟುಕೊಟ್ಟವರಿಗೆ ಅಭಿವೃದ್ಧಿಪಡಿಸಿದ ಜಾಗದಲ್ಲಿ ಅರ್ಧ ಕೊಡುವ 50:50 ಪದ್ಧತಿಯ ಸುತ್ತ 2024ರಲ್ಲಿ ವಿವಾದ ಎದ್ದಿತು. ಕೆಸರೆಯ 3 ಎಕರೆ 16 ಗುಂಟೆ ಜಮೀನಿಗೆ ಬದಲಾಗಿ ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರ ಪತ್ನಿಗೆ ವಿಜಯನಗರದಲ್ಲಿ 14 ನಿವೇಶನ ಕೊಟ್ಟದ್ದು ಸರಿಯೇ ಎಂಬುದು ಪ್ರಶ್ನೆ. ರಾಜ್ಯಪಾಲರು 17ಎ ಅಡಿ ಅನುಮತಿ ಕೊಟ್ಟರು, ಹೈಕೋರ್ಟ್ ಅದನ್ನು ಸೆಪ್ಟೆಂಬರಿನಲ್ಲಿ ಎತ್ತಿಹಿಡಿಯಿತು, ಮೈಸೂರಿನ ಲೋಕಾಯುಕ್ತ ಪೊಲೀಸರು ಎಫ್‌ಐಆರ್ ದಾಖಲಿಸಿದರು, ನಿವೇಶನಗಳು ಪ್ರಾಧಿಕಾರಕ್ಕೆ ವಾಪಸಾದವು. 2025ರ ಫೆಬ್ರುವರಿಯಲ್ಲಿ ಮುಖ್ಯಮಂತ್ರಿ ಮತ್ತು ಕುಟುಂಬದವರ ವಿರುದ್ಧ ಸಾಕ್ಷ್ಯ ಸಾಲದೆಂದು ಪೊಲೀಸರು ವರದಿ ಕೊಟ್ಟರು. ಜಾರಿ ನಿರ್ದೇಶನಾಲಯ ಮುಖ್ಯಮಂತ್ರಿಯವರ ಪತ್ನಿಗೆ ಕೊಟ್ಟಿದ್ದ ಸಮನ್ಸನ್ನು ಹೈಕೋರ್ಟ್ ರದ್ದುಗೊಳಿಸಿದ್ದನ್ನು ಜುಲೈಯಲ್ಲಿ ಸುಪ್ರೀಂ ಕೋರ್ಟೂ ಒಪ್ಪಿತು. ಯಾರು ಗೆದ್ದರು, ಯಾರು ಸೋತರು ಎಂಬ ಚರ್ಚೆಗೆ ಟಿವಿಗಳಿವೆ. ಲೆಕ್ಕದವನಾಗಿ ನನ್ನ ಕಣ್ಣು ಹೋದದ್ದು ಬೇರೆ ಕಡೆ. ರಾಜ್ಯ ಪೊಲೀಸ್ ಇಲಾಖೆಯಿಂದ ಎರವಲು ಬಂದ ಅಧಿಕಾರಿಗಳು ರಾಜ್ಯದ ಮುಖ್ಯಮಂತ್ರಿಯನ್ನು ವಿಚಾರಿಸಬೇಕಾಯಿತು. ಕೇಂದ್ರದ ಸಂಸ್ಥೆಯೊಂದು ಕೇಂದ್ರದ ಪ್ರತಿಪಕ್ಷದ ಮುಖ್ಯಮಂತ್ರಿಯ ಮನೆಯವರನ್ನು ವಿಚಾರಿಸಲು ಹೊರಟಿತು. ಮೊದಲನೆಯದು ಏನು ಹೇಳಿದರೂ ಒಂದು ಬಣ ನಂಬುವುದಿಲ್ಲ, ಎರಡನೆಯದು ಏನು ಹೇಳಿದರೂ ಇನ್ನೊಂದು ಬಣ ನಂಬುವುದಿಲ್ಲ. ಯಾರ ಹಂಗೂ ಇಲ್ಲದ ಸಹಿಯೊಂದು ಇಲ್ಲದಿದ್ದರೆ ನಿರ್ದೋಷಿಗೂ ನಷ್ಟವೇ.

ಇದು ಸರ್ಕಾರದ ರೋಗ ಮಾತ್ರವಲ್ಲ. 2009ರ ಜನವರಿ 7ರಂದು ಸತ್ಯಂ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು, ಲೆಕ್ಕದಲ್ಲಿ ತೋರಿಸಿದ 5,040 ಕೋಟಿ ರೂಪಾಯಿಯ ನಗದು ಮತ್ತು ಬ್ಯಾಂಕ್ ಶಿಲ್ಕು ಇಲ್ಲವೇ ಇಲ್ಲ ಎಂದು ತಾವೇ ಪತ್ರ ಬರೆದರು. ವರ್ಷಾನುಗಟ್ಟಲೆ ಆ ಲೆಕ್ಕಕ್ಕೆ ಸಹಿ ಹಾಕಿದ ಪರಿಶೋಧಕರಿಗೆ ಸಂಭಾವನೆ ಕೊಡುತ್ತಿದ್ದದ್ದು ಅದೇ ಕಂಪನಿ.

ನಮ್ಮ ಮೈಸೂರಿನಂಥ ಪಿಂಚಣಿದಾರರ ಊರಿಗೆ ಇದು ಇನ್ನೂ ಹತ್ತಿರದ ವಿಷಯ. ನಿವೃತ್ತಿಯ ಹಣ ಕೈಗೆ ಬಂದ ವಾರದಲ್ಲೇ ಪರಿಚಿತರೊಬ್ಬರು ಮನೆಗೆ ಬರುತ್ತಾರೆ, ಬ್ಯಾಂಕಿಗಿಂತ ಎರಡು ಮೂರು ಶೇಕಡ ಹೆಚ್ಚು ಬಡ್ಡಿ ಎನ್ನುತ್ತಾರೆ. ಬ್ಯಾಂಕಿನಲ್ಲಿಟ್ಟ ಠೇವಣಿಗೆ, ಸಹಕಾರಿ ಬ್ಯಾಂಕೂ ಸೇರಿದಂತೆ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ. ಆದರೆ ಬೀದಿಗೊಂದರಂತೆ ಇರುವ ಪತ್ತಿನ ಸಹಕಾರ ಸಂಘಗಳಿಗೂ ಸೌಹಾರ್ದ ಸಹಕಾರಿಗಳಿಗೂ ಆ ವಿಮೆ ಅನ್ವಯಿಸುವುದಿಲ್ಲ. ಹೊರಗೆ ಗಾಜಿನ ಬಾಗಿಲು, ಒಳಗೆ ಕೌಂಟರು, ಪಾಸ್‌ಬುಕ್ಕು ಎಲ್ಲ ಬ್ಯಾಂಕಿನಂತೆಯೇ ಇರುತ್ತದೆ, ಹಾಗಾಗಿ ಜನ ಮೋಸ ಹೋಗುತ್ತಾರೆ. ಅಂಥ ಸಂಘದ ಲೆಕ್ಕ ಪರಿಶೋಧಕರನ್ನು ಅನುಮೋದಿತ ಪಟ್ಟಿಯಿಂದ ಆರಿಸುವುದು ಸಂಘದ ಸರ್ವಸದಸ್ಯರ ಸಭೆ. ಕಾಗದದ ಮೇಲೆ ಇದು ಪ್ರಜಾಪ್ರಭುತ್ವ. ಆದರೆ ವಾರ್ಷಿಕ ಸಭೆಗೆ ಹೋದವರಿಗೆ ಗೊತ್ತು, ಅಧ್ಯಕ್ಷರು ಒಂದು ಹೆಸರು ಓದುತ್ತಾರೆ, ಚಪ್ಪಾಳೆ ಬೀಳುತ್ತದೆ, ಊಟದ ಎಲೆ ಹಾಕುತ್ತಾರೆ. ಎರಡನೆಯ ಸಹಿ ಯಾರದಿರಬೇಕೆಂಬುದು ಪಾಯಸಕ್ಕೆ ಮುಂಚೆ ತೀರ್ಮಾನವಾಗಿರುತ್ತದೆ. ಸಂಘ ಮುಳುಗಿದ ಮೇಲೆ ಠೇವಣಿದಾರರ ಹಿತರಕ್ಷಣೆಗೆಂದು ರಾಜ್ಯದ 2004ರ ಕಾಯ್ದೆ, ಅನಿಯಂತ್ರಿತ ಠೇವಣಿ ನಿಷೇಧಿಸುವ ಕೇಂದ್ರದ 2019ರ ಕಾಯ್ದೆ ಎಲ್ಲ ಇವೆ. ಆಸ್ತಿ ಜಪ್ತಿಯಾಗಿ ಹರಾಜಾಗಿ ಹಣ ಕೈಗೆ ಬರುವಷ್ಟರಲ್ಲಿ ಎಪ್ಪತ್ತು ದಾಟಿದವರಿಗೆ ಅದರ ಉಪಯೋಗ ಎಷ್ಟು ಎಂದು ನಾನು ಹೇಳಬೇಕಿಲ್ಲ.

ಹಾಗಾದರೆ ಹಂಗಿಲ್ಲದ ಎರಡನೆಯ ಸಹಿ ಎಲ್ಲಿ ಸಿಗುತ್ತದೆ? ಮೈಸೂರು ಸಂಸ್ಥಾನದಲ್ಲಿ ಒಬ್ಬರು ಇದನ್ನು 1881ರಲ್ಲಿ ಹುಡುಕಿದ್ದರು. ದಿವಾನ್ ರಂಗಾಚಾರ್ಲು ಅವರು ಆ ವರ್ಷದ ದಸರಾ ಸಮಯದಲ್ಲಿ ತಾಲ್ಲೂಕುಗಳಿಂದ ರೈತರನ್ನೂ ವರ್ತಕರನ್ನೂ ಕರೆಸಿ, 144 ಮಂದಿಯ ಮುಂದೆ ಸಂಸ್ಥಾನದ ಆಡಳಿತದ ವರದಿ ಒಪ್ಪಿಸಿದರು. ಪ್ರಜಾಪ್ರತಿನಿಧಿ ಸಭೆ ಹುಟ್ಟಿದ್ದು ಹೀಗೆ. ಆ ಸದಸ್ಯರಿಗೆ ಯಾವ ಅಧಿಕಾರವೂ ಇರಲಿಲ್ಲ. ಶಾಸನಬದ್ಧ ಸ್ಥಾನ ದೊರೆಯಲು 1923ರವರೆಗೆ ಕಾಯಬೇಕಾಯಿತು. ಅವರಿಗೆ ಕೇಳುವ ಕಿವಿ, ಅಹವಾಲು ಹೇಳುವ ಬಾಯಿ ಇಷ್ಟೇ ಇದ್ದದ್ದು. ಆದರೂ ಲೆಕ್ಕವನ್ನು ಜೋರಾಗಿ ಓದಿ ಹೇಳಬೇಕಾದ ಕಡೆ ಬರೆಯುವಾಗಲೇ ಕೈ ಸ್ವಲ್ಪ ತಡೆಯುತ್ತದೆ. ರಂಗಾಚಾರ್ಲು ಪುರಭವನದ ಮುಂದೆ ಹಾದು ಹೋಗುವಾಗಲೆಲ್ಲ ನನಗೆ ಅದೇ ನೆನಪು.

ಜೋರಾಗಿ ಓದುವುದರ ಶಕ್ತಿಯನ್ನು ನೂರು ವರ್ಷದ ನಂತರ ರಾಜಸ್ಥಾನದ ಹಳ್ಳಿಗರು ಮತ್ತೆ ಕಂಡುಕೊಂಡರು. 1994ರಲ್ಲಿ ಅಲ್ಲಿನ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಕೂಲಿಯ ಹಾಜರಿ ಪಟ್ಟಿಯನ್ನು ಊರಿನ ನಡುವೆ ಓದಿಸಿದರು. ಆ ಹೋರಾಟ ಬೆಳೆದು 2005ರ ಮಾಹಿತಿ ಹಕ್ಕು ಕಾಯ್ದೆಯಾಯಿತು. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ನಡೆಯಬೇಕಾದ ಜಮಾಬಂದಿಯೂ ಇದೇ ಜಾತಿಯದು. ಲೆಕ್ಕ ಓದಬೇಕು, ಕಾಮಗಾರಿಯ ಸ್ಥಳಕ್ಕೆ ಹೋಗಿ ನೋಡಬೇಕು. ಬಹಳ ಕಡೆ ಅದು ಹಾಜರಿ ಪುಸ್ತಕ, ಬೋಂಡಾ, ಗ್ರೂಪ್ ಫೋಟೊಗಳಲ್ಲಿ ಮುಗಿಯುತ್ತದೆ.

ಮಾಹಿತಿ ಹಕ್ಕನ್ನು ನಾವು ಅರ್ಧಕ್ಕಿಂತ ಕಡಿಮೆ ಬಳಸುತ್ತಿದ್ದೇವೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು, ತಡ ಮಾಡಿದರೆ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಎಂಬುದು ಬಹಳ ಜನರಿಗೆ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ಕಾಗದದ ನಕಲಿನ ಜೊತೆಗೆ ಕಾಮಗಾರಿಯನ್ನೇ ಪರಿಶೀಲಿಸುವ ಹಕ್ಕೂ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಅದೇ ಕಾಯ್ದೆಯ 2(ಜೆ) ಕಲಮಿನಲ್ಲಿದೆ. ‘ನಮ್ಮ ವಾರ್ಡಿನ ಹತ್ತು ವರ್ಷದ ಎಲ್ಲ ಕಾಮಗಾರಿಗಳ ವಿವರ ಕೊಡಿ’ ಎಂದು ಬರೆದರೆ ಏನೂ ಸಿಗುವುದಿಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೇರಿದ್ದು 150 ಪದಗಳೊಳಗೆ ಇರಬೇಕು. ಒಂದು ಚರಂಡಿ ಹಿಡಿಯಿರಿ. ಅದರ ಅಂದಾಜು ಪಟ್ಟಿ, ಕಾಮಗಾರಿ ಆದೇಶ, ಅಳತೆ ಪುಸ್ತಕದ ಪುಟ, ಕೊನೆಯ ಬಿಲ್ಲು, ಈ ನಾಲ್ಕನ್ನೇ ಕೇಳಿ. ನಾಲ್ಕನ್ನೂ ಊಟದ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರೆ ದಿನಾಂಕಗಳೇ ಅರ್ಧ ಕಥೆ ಹೇಳುತ್ತವೆ.

ನಮ್ಮ ಬೀರುಗಳ ಕಥೆ ಏನಾಯಿತು ಎಂದು ಕೇಳುವಿರಿ. ನಾನು ಆಕ್ಷೇಪಣೆಯ ಕಂಡಿಕೆ ಬರೆದೆ. ಕಚೇರಿಯವರು ಅನುಪಾಲನಾ ವರದಿ ಕಳಿಸಬೇಕಿತ್ತು. ‘ಮುಂದೆ ಎಚ್ಚರ ವಹಿಸಲಾಗುವುದು’ ಎಂದು ಒಂದು ಸಾಲು ಬಂತು. ಅದನ್ನು ಒಪ್ಪದೆ ವಾಪಸ್ ಕಳಿಸಿದೆವು. ಮತ್ತೆ ಅದೇ ಸಾಲು. ನಾನು ವರ್ಗವಾಗಿ ಹೋದ ಎಷ್ಟೋ ವರ್ಷಗಳ ಮೇಲೆ ‘ಮೂಲ ಕಡತ ಲಭ್ಯವಿಲ್ಲ’ ಎಂಬ ಟಿಪ್ಪಣಿಯೊಂದಿಗೆ ಕಂಡಿಕೆಯನ್ನು ಕೈಬಿಡಲಾಯಿತು ಎಂದು ತಿಳಿಯಿತು. ಕೈಬಿಟ್ಟ ಆದೇಶದ ಮೇಲೂ ಎರಡು ಸಹಿಗಳಿದ್ದವಂತೆ.

ನಿವೃತ್ತಿಯಾದ ಮೇಲೆ ಮೈಸೂರಿನ ನಮ್ಮ ಬೀದಿಯಲ್ಲಿ ಹೊಸ ಚರಂಡಿ ಬಂತು. ಹಳೆಯ ಚಟ ಬಿಡಲಿಲ್ಲ. ನಾಲ್ಕು ಕಾಗದ ತರಿಸಿದೆ. ಅಳತೆ ಪುಸ್ತಕದಲ್ಲಿ 120 ಮೀಟರ್ ಉದ್ದ ಬರೆದಿತ್ತು. ಒಂದು ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಟೇಪಿನ ಒಂದು ತುದಿ ಹಿಡಿದರು, ನಾನು ಇನ್ನೊಂದು ತುದಿ. ಮೂರು ಸಲ ಅಳೆದೆವು. 104 ಮೀಟರ್. ಮೇಷ್ಟ್ರು ನಾಲ್ಕನೆಯ ಸಲವೂ ಅಳೆಯೋಣ ಎಂದರು, ಪಾಪ, ತಮ್ಮ ಕಣ್ಣನ್ನೇ ನಂಬದವರು. ಲಿಖಿತವಾಗಿ ತಿಳಿಸಿದ ಮೇಲೆ ಮರು ಅಳತೆಯಾಗಿ ಗುತ್ತಿಗೆದಾರನ ಮುಂದಿನ ಬಿಲ್ಲಿನಲ್ಲಿ 16 ಮೀಟರಿನ ಹಣ ಕಡಿತವಾಯಿತು. ಅಳೆಯಲು ಬಂದಿದ್ದ ಯುವ ಎಂಜಿನಿಯರ್ ಒಳ್ಳೆಯ ಹುಡುಗ. ನಮ್ಮ ಮನೆಯಲ್ಲೇ ಕಾಫಿ ಕುಡಿದ. ಎದ್ದು ಹೊರಡುವಾಗ ಬಾಗಿಲ ಹತ್ತಿರ ನಿಂತು, ದನಿ ತಗ್ಗಿಸಿ ಕೇಳಿದ:

‘ತಪ್ಪು ತಿಳಿಯಬೇಡಿ ಸಾರ್, ತಾವು ಯಾವ ಪಕ್ಷದವರು?’